ಹೂರಣಕ್ಕೆ ಉಪ್ಪು, ಸಾರಿಗೆ ಬೆಲ್ಲ

ಮದುವೆ ಅಡುಗೆ ಮಾತಾಡೋಕೆ ಬಂದವರು ಅಡ್ವಾನ್ಸ್ ಕೈಗಿಡುವ ಮೊದಲೇ ಒಂದು ಮಾತು ಹೇಳುತ್ತಾರೆ. "ಎಲ್ಲಾ ನಿಮಗ ಬಿಟ್ಟಿದ್ದು ಅಣ್ಣಾರ. ಆದ್ರ ಸಾರಿಗೆ ಬೆಲ್ಲಾ ಗಿಲ್ಲಾ ಹಾಕ್ಬ್ಯಾಡ್ರಿ ಮತ್ತ." ಕೊಪ್ಪಳದಲ್ಲಿ ಕ್ಯಾಟರಿಂಗ್ ಶುರು ಮಾಡಿ 22 ವರ್ಷ ಆಯಿತು. ಈ ಮಾತು ಕೇಳದ ಒಂದು ಸೀಸನ್ ಇಲ್ಲ. ಕುಬಸಕ್ಕೆ ಬಂದವರೂ ಹೇಳುತ್ತಾರೆ, ಜವಳಕ್ಕೆ ಬಂದವರೂ ಹೇಳುತ್ತಾರೆ. ತಿಥಿ ಅಡುಗೆಗೆ ಬಂದವರು ಕಣ್ಣು ಒರೆಸಿಕೊಳ್ಳುತ್ತಲೇ ಹೇಳುತ್ತಾರೆ.

ಅವರ ಭಯ ನನಗೆ ಅರ್ಥ ಆಗುತ್ತದೆ. ಯಾವಾಗಲೋ ಬೆಂಗಳೂರಿಗೆ ಹೋಗಿರುತ್ತಾರೆ, ಹೋಟೆಲ್‌ನಲ್ಲಿ ಇಡ್ಲಿ ಜೊತೆ ಸಿಹಿ ಸಾಂಬಾರ್ ಕುಡಿದು ಮುಖ ಸಿಂಡರಿಸಿಕೊಂಡು ಬಂದಿರುತ್ತಾರೆ. ನನಗೂ ಆ ಸಾಂಬಾರ್ ಸೇರೋದಿಲ್ಲ, ಸುಳ್ಳು ಯಾಕೆ ಹೇಳಲಿ. ಬಾಯಿಗಿಟ್ಟ ಕೂಡಲೇ ಸಿಹಿ ಬಂದರೆ ನಮ್ಮ ನಾಲಿಗೆ ಒಪ್ಪೋದಿಲ್ಲ. ಅದನ್ನೇ ಕುಡಿದು ಬೆಳೆದವರಿಗೆ ನಮ್ಮ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಒಂದು ತುತ್ತು ಕೊಟ್ಟು ನೋಡಿ, ಕಣ್ಣು ಮೂಗು ಎರಡರಲ್ಲೂ ನೀರು. ಅವರವರ ರೂಢಿ.

ಆದರೆ ನಾನು ಹೇಳುವ ಬೆಲ್ಲ ಆ ಬೆಲ್ಲ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗೋದಿಲ್ಲ, ಅದಕ್ಕೇ ಬರೆಯೋಕೆ ಕೂತಿದ್ದೇನೆ.

ನೂರು ಜನರ ಊಟಕ್ಕೆ ಇಪ್ಪತ್ತು ಲೀಟರ್ ಸಾರು ಬೇಕು ಅಂದುಕೊಳ್ಳಿ. ಅದಕ್ಕೆ ನಾನು ಹಾಕುವ ಬೆಲ್ಲ 100 ಗ್ರಾಂ. ಅಂದರೆ ಲೀಟರಿಗೆ 5 ಗ್ರಾಂ, ಒಂದು ಸಣ್ಣ ಚಮಚ. ಅಷ್ಟು ಹುಣಸೆಹುಳಿ, ಅಷ್ಟು ಖಾರ, ಅಷ್ಟು ಉಪ್ಪಿನ ನಡುವೆ ಆ ಬೆಲ್ಲ ನಿಮ್ಮ ನಾಲಿಗೆಗೆ ಸಿಹಿಯಾಗಿ ಸಿಗೋದೇ ಇಲ್ಲ. ಹಾಗಾದರೆ ಯಾಕೆ ಹಾಕಬೇಕು ಅಂತೀರಿ ಅಲ್ವಾ? ಹುಣಸೆಹುಳಿಗೆ ಒಂದು ಚೂಪು ಇರುತ್ತದೆ, ಗಂಟಲ ತುದಿಗೆ ಹೋಗಿ ಚುಚ್ಚುತ್ತದೆ. ಮೆಂತ್ಯೆ ಒಂದು ಕಾಳು ಜಾಸ್ತಿ ಹುರಿದಿದ್ದರೆ ಹಿಂದೆ ಒಂದು ಸಣ್ಣ ಕಹಿ ಉಳಿಯುತ್ತದೆ. ಬೆಲ್ಲ ಆ ಚೂಪನ್ನು ಉಜ್ಜಿ ನುಣುಪು ಮಾಡುತ್ತದೆ, ಕಹಿಯನ್ನು ಅದುಮುತ್ತದೆ. ತಾನು ಮಾತ್ರ ಕಾಣಿಸಿಕೊಳ್ಳೋದಿಲ್ಲ. ಇನ್ನೊಮ್ಮೆ ಹೇಳುತ್ತೇನೆ: ಸಾರು ಸಿಹಿ ಮಾಡೋಕೆ ಬೆಲ್ಲ ಹಾಕೋದಲ್ಲ, ಹುಳಿಯನ್ನು ಹದಕ್ಕೆ ತರೋಕೆ ಹಾಕೋದು. ತಿಂದವರಿಗೆ ಬೆಲ್ಲ ಗೊತ್ತಾಯಿತು ಅಂದರೆ ಅಡುಗೆಯವನು ಸೋತ ಅಂತಲೇ ಲೆಕ್ಕ.

ಬೆಲ್ಲ ಬೇಡ ಅಂದವರ ಮನೆಯಲ್ಲಿ ಆಗೋದು ಏನು ಗೊತ್ತಾ? ಪಂಕ್ತಿ ಎರಡನೇದು ಏಳುವಷ್ಟರಲ್ಲಿ ಯಜಮಾನರು ಒಳಗೆ ಬರುತ್ತಾರೆ. "ಸಾರು ಯಾಕೋ ಕಟು ಹೊಡಿಯಾಕತ್ತೈತಿ, ಸ್ವಲ್ಪ ಉಪ್ಪು ಹಾಕ್ರಿ." ಅವರ ಹಿಂದೆ ಮಾವ ಬಂದು "ಖಾರ ಜಾಸ್ತಿ ಆಗೇತಿ, ನೀರು ಬಿಡ್ರಿ" ಅನ್ನುತ್ತಾರೆ. ಇಬ್ಬರೂ ಕುದಿಯುವ ಕೊಪ್ಪರಿಗೆಯಿಂದ ಸೌಟಿನಲ್ಲಿ ತೆಗೆದು ಹಾಗೇ ಬಾಯಿಗೆ ಹಾಕಿಕೊಂಡವರು. ನಾಲಿಗೆ ಸುಟ್ಟುಕೊಂಡವನಿಗೆ ಉಪ್ಪು ಎಲ್ಲಿಂದ ಗೊತ್ತಾಗಬೇಕು! ಆರಿದ ಮೇಲೆ ನೋಡಿ ಅಂದರೆ ಕೇಳೋದಿಲ್ಲ. ಇನ್ನು ನೀರು ಬಿಡೋದು. ನೀರು ಬಿಟ್ಟರೆ ಖಾರದ ಜೊತೆ ಹುಳಿ, ಉಪ್ಪು, ಬೇಳೆ, ಮಸಾಲೆ ಎಲ್ಲ ತೆಳ್ಳಗಾಗುತ್ತದೆ. ಸಾರು ಹೋಯಿತು, ಅಷ್ಟೇ.

ಖಾರದ ವಿಷಯ ಬಂತು ಅಂತ ಒಂದು ಮಾತು. ಮಗಳು ಬಿ.ಎಸ್ಸಿ ಓದುವಾಗ ಒಂದಿನ ನನ್ನನ್ನು ಕೂಡಿಸಿಕೊಂಡು ಹೇಳಿದಳು, ಅಪ್ಪಾ ಖಾರ ಅನ್ನೋದು ರುಚಿಯೇ ಅಲ್ಲ, ಉರಿ ಅಂತ. ಬಿಸಿ ತಾಗಿದರೆ ಯಾವ ನರದ ತುದಿ ಕೂಗಿಕೊಳ್ಳುತ್ತದೋ ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ತಾಗಿದರೂ ಅದೇ ಕೂಗಿಕೊಳ್ಳುತ್ತದಂತೆ. ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅನ್ನುವವರಿಗೆ 2021ರಲ್ಲಿ ನೊಬೆಲ್ ಪಾಲು ಬಂತು. ಮತ್ತೆ ಈ ಕ್ಯಾಪ್ಸೈಸಿನ್ ನೀರಿನಲ್ಲಿ ಸರಿಯಾಗಿ ಕರಗೋದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ನಾನು ನಕ್ಕೆ. ನಮ್ಮ ಅವ್ವ ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಆದರೂ ರೊಟ್ಟಿ ಮೇಲೆ ಕೆಂಪು ಹಿಂಡಿ ಹಾಕಿದರೆ ಪಕ್ಕದಲ್ಲಿ ಗಟ್ಟಿ ಮೊಸರು ಇಡದೆ ತಾಟು ಮುಂದೆ ಸರಿಸುತ್ತಿರಲಿಲ್ಲ. ಮೊಸರು ಇಲ್ಲದ ದಿನ ಒಂದು ಚಮಚ ಶೇಂಗಾ ಎಣ್ಣೆ ಆದರೂ ಇರಬೇಕು. ಈಗಿನವರು ಮೆನುವಿನಲ್ಲಿ ಐವತ್ತು ರೂಪಾಯಿ ಉಳಿಸೋಕೆ ಮೊದಲು ಹೊಡೆದು ಹಾಕೋದೇ ಮೊಸರು. ಆ ದುಡ್ಡಿಗೆ ಗೋಬಿ ಮಂಚೂರಿ ಸೇರಿಸುತ್ತಾರೆ. ಹೋಳಿಗೆ ಪಕ್ಕದಲ್ಲಿ ಗೋಬಿ ಮಂಚೂರಿ! ನಾನು ಮಾಡಿ ಕೊಡುತ್ತೇನೆ, ದುಡ್ಡು ಕೊಟ್ಟವರು ಹೇಳಿದ ಮೇಲೆ. ಆದರೆ ಸೋಯಾ ಸಾಸ್‌ನ ವಾಸನೆ ತುಪ್ಪದ ವಾಸನೆ ಮೇಲೆ ಕೂತಾಗ ನಾನು ಆ ಪಂಕ್ತಿ ಕಡೆ ಹೋಗೋದಿಲ್ಲ.

ಇರಲಿ, ಬೆಲ್ಲಕ್ಕೆ ಬರೋಣ. ನಮ್ಮವರು ಎದೆ ತಟ್ಟಿ ಹೇಳೋದು, ನಾವು ಸಿಹಿ ಖಾರ ಕೂಡಿಸೋ ಜನ ಅಲ್ಲ ಅಂತ. ಹೌದಾ? ಹೋಳಿಗೆ ದಿನ ಏನು ಮಾಡುತ್ತೀರಿ? ಕಡ್ಲೆಬೇಳೆ ಬೇಯಿಸಿ ಬಸಿದ ಕಟ್ಟಿಗೆ ಹುಣಸೆಹುಳಿ, ಒಣಕೊಬ್ಬರಿ, ಲವಂಗ, ಚೆಕ್ಕೆ ಎಲ್ಲ ರುಬ್ಬಿ ಹಾಕಿ, ಕೊನೆಗೆ ಒಂದು ಹಿಡಿ ಹೂರಣ ಕಲಸಿ ಕುದಿಸುತ್ತೀರಿ. ಆ ಹೂರಣದಲ್ಲಿ ಇರೋದು ಏನು? ಬೆಲ್ಲ! ಲೆಕ್ಕ ಹಾಕಿದರೆ ನಾನು ಸಾರಿಗೆ ಹಾಕುವುದಕ್ಕಿಂತ ಜಾಸ್ತಿಯೇ. ಅದನ್ನು ಲೋಟದಲ್ಲಿ ಹಾಕಿಸಿಕೊಂಡು ಕುಡಿಯುತ್ತೀರಿ, ಮರುದಿನಕ್ಕೆ ಇನ್ನೂ ರುಚಿ ಅಂತ ಎತ್ತಿಡುತ್ತೀರಿ. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಹೋದವರು ದಾಸೋಹದಲ್ಲಿ ಸಿಹಿ ಮಾದಲಿ ಉಂಡು, ಮಿರ್ಚಿ ಮಾಡಿದ ದಿನ ಅದೇ ಬಾಯಿಗೆ ಮಿರ್ಚಿ ಕಚ್ಚಿ, "ಆಹಾ" ಅನ್ನುತ್ತಾರೆ. ಎಣಗಾಯಿಯಲ್ಲಿ ಶೇಂಗಾ, ಎಳ್ಳು, ಗುರೆಳ್ಳಿನ ಜೊತೆ ನಿಮ್ಮ ಮನೆಯಲ್ಲೇ ಒಂದು ಚೂರು ಬೆಲ್ಲ ಹಾಕುತ್ತಾರೆ, ಹೋಗಿ ಕೇಳಿ. ಅಂದರೆ ಸಿಹಿ-ಖಾರ ನಿಮಗೆ ಆಗದೇ ಇರೋದಲ್ಲ. ನಿರೀಕ್ಷೆ ಇಲ್ಲದ ಜಾಗದಲ್ಲಿ ಹೆಸರು ಹೇಳಿಕೊಂಡು ಬಂದರೆ ಆಗೋದಿಲ್ಲ.

ಉಪ್ಪಿನದು ಇದರ ತಿರುವು. ಹೂರಣಕ್ಕೆ ನಾನು ಉಪ್ಪು ಹಾಕುತ್ತೇನೆ ಅಂದಾಗ ಒಬ್ಬ ಅಮ್ಮ ನನ್ನ ಕೈ ಹಿಡಿದುಬಿಟ್ಟರು. "ಏನ್ ಮಾಡಾಕತ್ತೀ ತಮ್ಮಾ, ಸಿಹಿಗೆ ಉಪ್ಪೇನು?" ಒಂದು ಕೆಜಿ ಬೇಳೆಗೆ ಒಂದು ಕೆಜಿ ಬೆಲ್ಲ, ಅದಕ್ಕೆ ಅರ್ಧ ಚಮಚ ಉಪ್ಪು. ಅಷ್ಟೇ. ಉಪ್ಪು ಹಾಕದ ಹೂರಣ ಒಂದು ಹೋಳಿಗೆಗೆ ಮುಖ ಹೊಡೆಯುತ್ತದೆ, ಉಪ್ಪು ಬಿದ್ದದ್ದು ಮೂರನೇದಕ್ಕೂ ಕೈ ಚಾಚಿಸುತ್ತದೆ. ಉಪ್ಪು ಮೊದಲು ಮಾಡೋ ಕೆಲಸ ಕಹಿಯನ್ನು ಅಡಗಿಸೋದು. ಕಡ್ಲೆಬೇಳೆಗೂ, ಕಪ್ಪು ಬೆಲ್ಲಕ್ಕೂ ಒಂದು ಸಣ್ಣ ಕಹಿ-ಒಗರು ಇರುತ್ತದೆ. ಅದು ಅಡಗಿದರೆ ಇದ್ದ ಸಿಹಿಯೇ ಎದ್ದು ಕಾಣುತ್ತದೆ. ಹಾಗಲಕಾಯಿ ಹೆಚ್ಚಿ ಉಪ್ಪು ಸವರಿಡೋದು ಬರೀ ನೀರು ಬಿಡಲಿ ಅಂತ ಮಾತ್ರ ಅಲ್ಲ. ಬಸ್ ಸ್ಟ್ಯಾಂಡ್ ಮುಂದೆ ಪೇರಲಹಣ್ಣು ಸೀಳಿ ಉಪ್ಪು-ಖಾರ ಹಚ್ಚಿ ಕೊಡುತ್ತಾರಲ್ಲ, ಅದನ್ನು ಬೇಡ ಅಂದವರನ್ನು ನಾನಂತೂ ನೋಡಿಲ್ಲ. ಅಲ್ಲಿ ಯಾರೂ "ಹಣ್ಣಿಗೆ ಉಪ್ಪೇನು" ಅಂತ ಕೇಳೋದಿಲ್ಲ.

ನಾಲಿಗೆಗಿಂತ ಹೆಸರು ಜಗಳ ತರುತ್ತದೆ ಅನ್ನೋಕೆ ಒಂದು ಮದುವೆ ನೆನಪಾಗುತ್ತದೆ. ಹುಡುಗ ಕುಷ್ಟಗಿ ಕಡೆಯವನು, ಹುಡುಗಿ ಗಂಗಾವತಿ ಹತ್ತಿರದ ಒಂದು ಕ್ಯಾಂಪಿನವಳು. ಹೊರಗಿನವರಿಗೆ ಹೇಳಬೇಕು, ನಮ್ಮದು ಒಂದೇ ಜಿಲ್ಲೆಯಲ್ಲಿ ಎರಡು ಬಾಯಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಆ ಕಡೆ ಭತ್ತ ಬಂತು, ಭತ್ತದ ಬೆನ್ನಿಗೆ ಆಂಧ್ರದ ರೈತರು ಬಂದು ಕ್ಯಾಂಪ್ ಕಟ್ಟಿಕೊಂಡರು. ಕುಷ್ಟಗಿ, ಯಲಬುರ್ಗಾ ಕಡೆ ಮಳೆ ನಂಬಿದ ಒಣಭೂಮಿ, ಅಲ್ಲಿ ರೊಟ್ಟಿ. ಹುಡುಗಿ ಕಡೆಯವರು ಗೋಂಗೂರ ಪಚ್ಚಡಿ ಬೇಕೇ ಬೇಕು ಅಂದರು. ಹುಡುಗನ ದೊಡ್ಡಪ್ಪ "ಆ ಹುಳಿ ಎಣ್ಣಿ ಮುದ್ದಿ ನಮ್ಮವರ್ ತಿನ್ನೂದಿಲ್ಲ, ನಮಗ ಪುಂಡಿಪಲ್ಯ ಮಾಡ್ರಿ" ಅಂದರು. ಹುಡುಗಿ ಕಡೆಯವರು ಪುಂಡಿಪಲ್ಯ ನೋಡಿ "ಇದೇನು ನುಚ್ಚು ಹಾಕಿದ ಗಂಜಿನಾ" ಅಂದರು. ನಾನು ಬೆಳಗ್ಗೆ ಮಾರ್ಕೆಟ್‌ನಿಂದ ತಂದದ್ದು ಒಂದೇ ಸೊಪ್ಪು, ಒಂದೇ ಚೀಲದಲ್ಲಿ. ಪುಂಡಿ ಅಂದರೂ ಗೋಂಗೂರ ಅಂದರೂ ಅದೇ ಗಿಡ! ಅರ್ಧ ಎಣ್ಣೆಯಲ್ಲಿ ಹುರಿದು ಒಣಮೆಣಸಿನಕಾಯಿ ಜೊತೆ ರುಬ್ಬಿದೆ. ಅರ್ಧಕ್ಕೆ ಜೋಳದ ನುಚ್ಚು, ತೊಗರಿಬೇಳೆ, ಹಸಿಮೆಣಸಿನಕಾಯಿ ಹಾಕಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೆ. ಪಂಕ್ತಿಯಲ್ಲಿ ಎರಡೂ ಕಡೆಯವರು ಬಡಿಸುವ ಹುಡುಗರ ಹತ್ತಿರ ಕೇಳಿದ್ದು ಮಾತ್ರ ಒಂದೇ, ಹಸಿ ಉಳ್ಳಾಗಡ್ಡಿ. ಆ ಹುಳಿಗೆ ಹಸಿ ಉಳ್ಳಾಗಡ್ಡಿಯ ಖಾರವೇ ಜೋಡಿ ಅಂತ ಇಬ್ಬರಿಗೂ ಗೊತ್ತಿತ್ತು. ಯಾರು ಹೇಳಿಕೊಟ್ಟರೋ!

ಇಲ್ಲಿ ಒಂದು ತಪ್ಪು ಒಪ್ಪಿಕೊಳ್ಳಬೇಕು. ಶುರುವಿನ ವರ್ಷಗಳಲ್ಲಿ ಗಿರಾಕಿ ಬೇಡ ಅಂದರೂ ನಾನು ಸುಮ್ನೆ ಬೆಲ್ಲ ಹಾಕಿಬಿಡುತ್ತಿದ್ದೆ. ಯಾರಿಗೂ ಗೊತ್ತಾಗುತ್ತಿರಲಿಲ್ಲ, ಎಲ್ಲರೂ ಸಾರು ಹೊಗಳುತ್ತಿದ್ದರು, ನನಗೆ ಒಳಗೊಳಗೇ ಖುಷಿ. ಒಂದು ಗೃಹಪ್ರವೇಶದಲ್ಲಿ ವಯಸ್ಸಾದವರೊಬ್ಬರು ಹೋಳಿಗೆ ಎಲ್ಲ ಬದಿಗಿಟ್ಟು ಬರೀ ಅನ್ನ ಸಾರು ಉಂಡು, ಕೈ ತೊಳೆದು ನನ್ನ ಹತ್ತಿರ ಬಂದರು. "ಸಾರು ಭಾಳ ಛೊಲೊ ಇತ್ತಪ್ಪ. ನನಗ ಶುಗರ್ ಐತಿ, ನೀನು ಬೆಲ್ಲ ಹಾಕೂದಿಲ್ಲಂತ ಮನ್ಯಾಗ ಹೇಳಿದ್ರು, ಅದಕ್ಕ ಎರಡು ಸಲ ಹಾಕಿಸ್ಕೊಂಡೆ." ಒಂದು ಬಟ್ಟಲು ಸಾರಿನಲ್ಲಿ ಒಂದು ಗ್ರಾಂ ಬೆಲ್ಲ ಬಂದರೆ ಹೆಚ್ಚು. ಅವರು ಉಂಡ ಅನ್ನದ ಮುಂದೆ ಅದು ಏನೂ ಅಲ್ಲ ಅಂತ ನನ್ನ ಅಂದಾಜು. ಆದರೆ ನಾನು ಡಾಕ್ಟರ್ ಅಲ್ಲ, ಅವರ ದೇಹದ ಲೆಕ್ಕ ನಾನು ಹಾಕಬಾರದು. ಆವತ್ತಿನಿಂದ ಕೇಳದೆ ಹಾಕಿಲ್ಲ. ನೀವೂ ಮನೆಗೆ ಬಂದವರಿಗೆ ಬಡಿಸುವಾಗ ಬೆಲ್ಲ ಹಾಕಿದ್ದರೆ ಹೇಳಿಬಿಡಿ. ಬಿಪಿ ಇದ್ದವರಿಗೆ ಹೂರಣದ ಉಪ್ಪನ್ನೂ ಹೇಳಿ.

ಹಾಲಿನ ಪಾಯಸಕ್ಕೆ ಬೆಲ್ಲ ಹಾಕಿದರೆ ಹಾಲು ಒಡೆಯುತ್ತದೆ ಅಂತ ಬಹಳ ಜನ ಕೇಳುತ್ತಾರೆ. ಕುದಿಯುವ ಹಾಲಿಗೆ ಹಾಕಬೇಡಿ. ಒಲೆ ಆರಿಸಿ, ಸ್ವಲ್ಪ ಆರಿದ ಮೇಲೆ ಬೆಲ್ಲದ ಪಾಕ ಸೋಸಿ ಹಾಕಿ. ಅಷ್ಟರ ಮೇಲೂ ಕೆಲವು ಬೆಲ್ಲ ಒಡೆಸುತ್ತದೆ, ಮೊದಲು ಒಂದು ಲೋಟ ಹಾಲಿನಲ್ಲಿ ನೋಡಿಕೊಳ್ಳಿ.

ಈಗ ಬೆಲ್ಲ ಬೇಡ ಅಂದವರ ಜೊತೆ ನಾನು ವಾದ ಮಾಡೋದಿಲ್ಲ. ಮಾತುಕತೆಗೆ ಬಂದ ದಿನವೇ ಒಲೆ ಹಚ್ಚಿ ಒಂದು ಪಾತ್ರೆ ಸಾರು ಕುದಿಸಿ ಮೂರು ಸ್ಟೀಲ್ ಬಟ್ಟಲಿಗೆ ಹಾಕುತ್ತೇನೆ. ಒಂದರಲ್ಲಿ ಏನೂ ಇಲ್ಲ. ಎರಡನೇದಕ್ಕೆ ಚಿಟಿಕೆ ಉಪ್ಪು ಜಾಸ್ತಿ. ಮೂರನೇದಕ್ಕೆ ಕಡ್ಲೆಕಾಳಿನಷ್ಟು ಬೆಲ್ಲ. ಯಾವುದು ಯಾವುದು ಅಂತ ಹೇಳೋದಿಲ್ಲ, ಬೆಲ್ಲ ಇದೆ ಅಂತ ಮಾತ್ರ ಮೊದಲೇ ಹೇಳಿರುತ್ತೇನೆ. ಆರಲಿ ಅಂತ ಐದು ನಿಮಿಷ ಸುಮ್ನೆ ಕೂಡಿಸುತ್ತೇನೆ, ಅದೇ ಕಷ್ಟದ ಕೆಲಸ.

ಹೋದ ತಿಂಗಳು ಯಲಬುರ್ಗಾ ಕಡೆಯಿಂದ ಅಪ್ಪ ಮಗ ಬಂದಿದ್ದರು. ಅಪ್ಪ ಮೊದಲನೇ ಬಟ್ಟಲು ಕುಡಿದು ತಲೆ ಅಲ್ಲಾಡಿಸಿದರು. ಎರಡನೇದು ಕುಡಿದು ನೀರು ಕೇಳಿದರು. ಮೂರನೇದನ್ನು ಒಂದು ಗುಟುಕು ಕುಡಿದು, ಬಟ್ಟಲಿನೊಳಗೆ ನೋಡಿ, ಉಳಿದದ್ದನ್ನು ಎತ್ತಿ ಕುಡಿದುಬಿಟ್ಟರು. ತಳದಲ್ಲಿ ಉಳಿದ ಬೇಳೆಯನ್ನು ಬೆರಳಲ್ಲಿ ಬಳಿದು ನೆಕ್ಕಿದರು. "ಇದು ನೋಡ್ರಿ ಸಾರು ಅಂದ್ರ. ಇದನ್ನ ಮಾಡ್ರಿ."

ಬೆಲ್ಲ ಹಾಕಿದ್ದು ಅದೇ ಕಾಕಾ, ಅಂದೆ.

ಮಗ ಜೋರಾಗಿ ನಕ್ಕ. ಅಪ್ಪ ನಗಲಿಲ್ಲ. ಬಟ್ಟಲು ಕೆಳಗಿಟ್ಟು ಟವೆಲ್‌ನಿಂದ ಮೀಸೆ ಒರೆಸಿಕೊಂಡರು, ಅಡ್ವಾನ್ಸ್ ದುಡ್ಡು ಎಣಿಸಿ ನನ್ನ ಕೈಗಿಟ್ಟರು. ಬಾಗಿಲ ತನಕ ಹೋದವರು ತಿರುಗಿ ನಿಂತರು.

"ರುಚಿ ಏನೋ ಐತ್ರಿ. ಆದ್ರ ಮದುವಿಗೆ ಮಾತ್ರ ಬೆಲ್ಲ ಬ್ಯಾಡ. ಬೀಗರು ಏನಂದಾರು."

ಆಗಲಿ ಕಾಕಾ, ಹೋಳಿಗೆ ಇದೆಯಲ್ಲ, ಕಟ್ಟಿನ ಸಾರು ಮಾಡಿ ಒಂದಿಷ್ಟು ಹೂರಣ ಹಾಕಲಾ ಅಂತ ಕೇಳಿದೆ.

"ಅದನ್ನೇನ್ ಕೇಳ್ತೀರಿ, ಹೂರಣ ಹಾಕ್ದಿದ್ರ ಕಟ್ಟಿನ ಸಾರು ಹ್ಯಾಂಗ್ ಆಕ್ಕೈತಿ?" ಅಂದು ಚಪ್ಪಲಿ ಮೆಟ್ಟಿಕೊಂಡರು.