ಮೂಳೆಯ ಮೈಮೇಲಿನ ಪೊರೆ

ಡೊಂಬಿವಲಿಯಲ್ಲಿ ಮುಂಬೈಯ ಲೋಕಲ್ ರೈಲು ಹತ್ತುವ ಗಡಿಬಿಡಿ. ಮೊಣಕಾಲಿನ ಕೆಳಗೆ, ಮುಂದುಗಡೆ ಮೂಳೆಗೇ ಫುಟ್‌ಬೋರ್ಡ್ ಬಡಿಯಿತು. ಠಾಣೆ ಸ್ಟೇಷನ್ ಬರುವ ತನಕ ಕಣ್ಣಲ್ಲಿ ನೀರು. ರಕ್ತವೇನೂ ಬಂದಿರಲಿಲ್ಲ, ಮೂಳೆಯೂ ಮುರಿದಿರಲಿಲ್ಲ. ಮತ್ತೆ ಅಷ್ಟು ನೋವು ಯಾಕೆ?

ಪೆಟ್ಟು ಬಿದ್ದದ್ದು ಮೂಳೆಗೆ ಅಂಟಿಕೊಂಡ ತೆಳು ಪೊರೆಗೆ. ಪೆರಿಯಾಸ್ಟಿಯಂ ಅಂತ ಅದರ ಹೆಸರು. ನೋವು ತಿಳಿಸುವ ನರಗಳು ಅದರಲ್ಲಿ ಜಾಸ್ತಿ. ತೊಡೆಯ ಮೂಳೆಗೆ ಸುತ್ತಲೂ ಮಾಂಸವಿದೆ, ಪೆಟ್ಟು ತಡೆಯುತ್ತದೆ. ಇಲ್ಲಿ ಪೊರೆಯ ಮೇಲೆ ಹೆಚ್ಚುಕಡಿಮೆ ಬರೀ ಚರ್ಮ.

ಭಾನುವಾರ ಮಟನ್ ತರುವವರು ಇದನ್ನು ನೋಡಿಯೇ ಇರುತ್ತೀರಿ. ಹಸಿ ನಲ್ಲಿ ಮೂಳೆಯನ್ನು ಚಾಕುವಿನಿಂದ ಕೆರೆದರೆ ಬಿಳಿ ಹಾಳೆಯಂತೆ ಏಳುತ್ತದೆ. ಸುಲಭಕ್ಕೆ ಬಿಡುವುದಿಲ್ಲ, ಅದರ ನಾರುಗಳು ಬೇರಿನಂತೆ ಮೂಳೆಯೊಳಗೆ ಇಳಿದಿರುತ್ತವೆ. ಕೀಲು ಕೂಡುವ ತುದಿಯಲ್ಲಿ ಮಾತ್ರ ಈ ಪೊರೆ ಇಲ್ಲ. ಅಲ್ಲಿರುವುದು ನುಣುಪಾದ ಮೃದ್ವಸ್ಥಿ.

ಪೊರೆ ಸುಮ್ನೆ ಹೊದಿಕೆಯಲ್ಲ, ಮೂಳೆ ಕಟ್ಟುವುದೂ ಅದೇ. ಇದನ್ನು ಕಂಡವರಲ್ಲಿ ಮೊದಲಿಗ ವೈದ್ಯನಲ್ಲ, ಮರಗಿಡಗಳ ಹುಚ್ಚು ಹಿಡಿದಿದ್ದ ಫ್ರಾನ್ಸಿನ ದ್ಯುಹಮೆಲ್. 1740ರ ದಶಕದಲ್ಲಿ ಆತ ಬೆಳೆಯುವ ಪ್ರಾಣಿಗಳ ಮೂಳೆಗೆ, ಪೊರೆಯ ಅಡಿಯಲ್ಲಿ, ಬೆಳ್ಳಿ ತಂತಿಯ ಬಳೆ ತೊಡಿಸಿದ. ಕೆಲ ಕಾಲ ಬಿಟ್ಟು ನೋಡಿದರೆ ಬಳೆಯ ಮೇಲೆಲ್ಲ ಹೊಸ ಮೂಳೆ! ಮರದ ತೊಗಟೆಯಡಿ ವರ್ಷವರ್ಷವೂ ಹೊಸ ಪದರ ಕೂಡುತ್ತದಲ್ವಾ, ಹಾಗೆಯೇ ಇದು ಎಂದು ಅವನಿಗೆ ಹೊಳೆಯಿತು. ಮರದ ಆ ಬೆಳೆಯುವ ಪದರದ ಹೆಸರು ಕೇಂಬಿಯಂ, ಪೊರೆಯ ಒಳಪದರಕ್ಕೂ ಇಂದಿಗೂ ಅದೇ ಹೆಸರಿದೆ.

ಹೊರಗೆ ಹೀಗೆ ಕೂಡುತ್ತಲೇ ಹೋದರೆ ಮೂಳೆ ಒನಕೆಯಷ್ಟು ಭಾರವಾಗಬೇಕಿತ್ತು. ಆಗುವುದಿಲ್ಲ. ಮಜ್ಜೆ ತುಂಬಿದ ಟೊಳ್ಳಿಗೂ ಒಳಗಡೆಯಿಂದ ಎಂಡಾಸ್ಟಿಯಂ ಎಂಬ ಇನ್ನೂ ತೆಳುವಾದ ಪೊರೆ ಇದೆ. ಅಲ್ಲಿನ ಕೆಲವು ಕೋಶಗಳ ಕೆಲಸವೇ ಹಳೆ ಮೂಳೆಯನ್ನು ಕರಗಿಸುವುದು. ಮೂಳೆ ಹೊರಗೆ ದಪ್ಪವಾಗುತ್ತಿದ್ದಂತೆ ಒಳಗಿನ ಟೊಳ್ಳೂ ಅಗಲವಾಗುತ್ತದೆ. ನಾವು ನಲ್ಲಿ ಮೂಳೆ ಹೀರುವುದು ಆ ಟೊಳ್ಳಿನಿಂದಲೇ!

ಮಕ್ಕಳಲ್ಲಿ ಹೊರಪೊರೆ ದಪ್ಪ, ಗಟ್ಟಿ. ನಮ್ಮ ಸೊಸೈಟಿಯ ಹುಡುಗ ಕ್ರಿಕೆಟ್ ಆಡುತ್ತಾ ಬಿದ್ದಾಗ ಎಕ್ಸ್‌ರೇಯಲ್ಲಿ ಕೈಮೂಳೆ ಒಂದು ಕಡೆ ಸೀಳಿ, ಇನ್ನೊಂದು ಕಡೆ ಬರೀ ಬಾಗಿತ್ತು, ಹಸಿ ಕೊಂಬೆ ಬಗ್ಗಿಸಿದ ಹಾಗೆ. ಮಕ್ಕಳ ಮೂಳೆ ಬಾಗುವಂಥದ್ದು, ಜೊತೆಗೆ ಪೊರೆಯೂ ಹರಿಯದೆ ಹಿಡಿದುಕೊಂಡಿತ್ತು. ಅವನಿಗೆ ಪ್ಲಾಸ್ಟರ್ ಬಿಚ್ಚಿಯೂ ಆಯಿತು. ನನ್ನ ಕಾಲಿಗೆ ಪೆಟ್ಟು ಬಿದ್ದ ಜಾಗ ಮಾತ್ರ ಮುಟ್ಟಿದರೆ ಇನ್ನೂ ನೋಯುತ್ತದೆ.