ಕಮಲಾ ಹೋದ ಮೇಲೆ, ಫಿರೋಜ್ ಹೋದ ಮೇಲೆ

ಚುನಾವಣೆ ಹತ್ತಿರ ಬಂತೆಂದರೆ ದಾವಣಗೆರೆಯ ಮಂಡಕ್ಕಿ-ಮೆಣಸಿನಕಾಯಿ ಅಂಗಡಿಗಳ ಮುಂದೆ ಒಂದು ವಾದ ಎದ್ದೇ ಏಳುತ್ತದೆ. ಇಂದಿರಾಗೆ ಗಾಂಧಿ ಅನ್ನೋ ಹೆಸರು ಎಲ್ಲಿಂದ ಬಂತು? ಮಹಾತ್ಮರು ಆಕೆಯ ಗಂಡನನ್ನು ದತ್ತು ತಗೊಂಡಿದ್ದರು ಅಂತ ಒಬ್ಬರು. ಇಲ್ಲ, ಹೆಸರೇ ಬದಲಾಯಿಸಿದ್ದರು ಅಂತ ಇನ್ನೊಬ್ಬರು. ಮೂರನೆಯವರು ಮೊಬೈಲ್ ತೆಗೆದು ಯಾರೋ ಕಳಿಸಿದ ಸಂದೇಶ ಓದುತ್ತಾರೆ. ಕೊನೆಗೆ ಮಂಡಕ್ಕಿ ಮೆತ್ತಗಾಗುತ್ತದೆ, ವಾದ ಮುಗಿಯುವುದಿಲ್ಲ.

ಉತ್ತರ ಸರಳವಾಗಿದೆ. ಇಂದಿರಾ ಗಂಡ ಫಿರೋಜ್ ಗಾಂಧಿ ಪಾರ್ಸಿ ಮನೆತನದವರು. ಗಾಂಧಿ ಎನ್ನುವುದು ಅವರ ಮನೆತನದ ಹೆಸರು. ಮಹಾತ್ಮರಿಗೂ ಅವರಿಗೂ ರಕ್ತಸಂಬಂಧ ಇರಲಿಲ್ಲ. ಆದರೆ ಈ ವಾದ ಕೇಳುವಾಗಲೆಲ್ಲ ನನಗೆ ಬೇರೆಯೇ ಒಂದು ಬೇಸರ ಆಗುತ್ತದೆ. ಆ ಮನುಷ್ಯ ಏನು ಮಾಡಿದ, ಯಾವಾಗ ಸತ್ತ, ಆ ಸಾವಿನಿಂದ ಏನು ಬದಲಾಯಿತು ಎಂದು ಯಾರೂ ಕೇಳುವುದಿಲ್ಲ. ದೊಡ್ಡ ನಾಯಕರ ಗಂಡನೋ ಹೆಂಡತಿಯೋ ತೀರಿಕೊಂಡರೆ ನಾವು ಉಳಿದವರ ಮುಖವನ್ನಷ್ಟೇ ನೋಡುತ್ತೇವೆ. ಹೋದವರು ಬಿಟ್ಟ ಜಾಗವನ್ನು ಯಾರು ತುಂಬಿದರು ಎಂದು ನೋಡಿದರೆ ಅರ್ಧ ರಾಜಕಾರಣ ಅಲ್ಲೇ ಕಾಣುತ್ತದೆ. ಆ ಎಳೆ ಹಿಡಿದು ಹೊರಟರೆ ನಮ್ಮ ಚಿತ್ರದುರ್ಗಕ್ಕೇ ಬಂದು ಮುಟ್ಟುತ್ತೇವೆ.

ಶುರು ಮಾಡಬೇಕಾದದ್ದು 1936ರಿಂದ. ಆ ವರ್ಷ ಫೆಬ್ರವರಿ 28ರಂದು ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಇಂದಿರಾ ತಾಯಿ ಕಮಲಾ ನೆಹರೂ ಕ್ಷಯರೋಗದಿಂದ ತೀರಿಕೊಂಡರು. ಅವರಿಗೆ ಇನ್ನೂ 36 ವರ್ಷ. ಕಮಲಾ ಎಂದರೆ ಕಾಯಿಲೆಯ ಹೆಂಗಸು, ಸದಾ ಹಾಸಿಗೆ ಹಿಡಿದವರು ಎಂಬ ಚಿತ್ರವೇ ನಮ್ಮ ತಲೆಯಲ್ಲಿ ಕೂತಿದೆ. ಆದರೆ 1930ರ ಉಪ್ಪಿನ ಸತ್ಯಾಗ್ರಹದ ಹೊತ್ತಿಗೆ ಅಲಹಾಬಾದಿನಲ್ಲಿ ಗಂಡಸರೆಲ್ಲ ಜೈಲು ಸೇರಿದಾಗ ಕೆಲಸ ಮುಂದುವರಿಸಿದವರಲ್ಲಿ ಕಮಲಾ ಮುಂದಿದ್ದರು. 1931ರ ಹೊಸ ವರ್ಷದ ದಿನವೇ ಬಂಧನವಾಯಿತು. 1934ರಲ್ಲಿ ಅವರ ಸ್ಥಿತಿ ಕೆಟ್ಟಾಗ, ರಾಜಕೀಯದಿಂದ ದೂರ ಇರುತ್ತೇನೆ ಎಂದು ಭರವಸೆ ಕೊಟ್ಟರೆ ಜವಾಹರಲಾಲರನ್ನು ಜೈಲಿನಿಂದ ಬಿಡುತ್ತಾರೆ ಎಂಬ ಮಾತು ಹಬ್ಬಿತ್ತು. ಜ್ವರದಲ್ಲಿ ಮಲಗಿದ್ದ ಕಮಲಾ ಗಂಡನನ್ನು ಹತ್ತಿರ ಬಗ್ಗಲು ಹೇಳಿ, ಅಂಥ ಭರವಸೆ ಕೊಡಬೇಡಿ ಎಂದು ಪಿಸುಗುಟ್ಟಿದರು. ನೆಹರೂ ಇದನ್ನು ತಮ್ಮ ಆತ್ಮಕಥೆಯಲ್ಲೇ ಬರೆದಿದ್ದಾರೆ. ಆ ಪುಸ್ತಕ ಹೊರಬಂದಾಗ ಅದನ್ನು ಓದಲು ಕಮಲಾ ಇರಲಿಲ್ಲ.

ಸಾವಿನ ಎರಡು ತಿಂಗಳೊಳಗೆ, 1936ರ ಏಪ್ರಿಲ್‌ನಲ್ಲಿ, ನೆಹರೂ ಲಖನೌ ಅಧಿವೇಶನದಲ್ಲಿ ಕಾಂಗ್ರೆಸ್ ಅಧ್ಯಕ್ಷರ ಪೀಠದಲ್ಲಿದ್ದರು. ಮುಂದಿನ ವರ್ಷದ ಪ್ರಾಂತೀಯ ಚುನಾವಣೆಗಾಗಿ ದೇಶ ಸುತ್ತಿದರು. ತಾಯಿಯನ್ನು ಕಳೆದುಕೊಂಡ ಮಗಳು ಇಂದಿರಾಗೆ ಆಗ 18 ವರ್ಷ.

ಕಸ್ತೂರಬಾ ಕಥೆ ಬೇರೆ. 1942ರ ಆಗಸ್ಟ್ 9ರಂದು ಗಾಂಧೀಜಿ ಬಂಧನವಾದಾಗ, ಅವರ ಬದಲು ಶಿವಾಜಿ ಪಾರ್ಕಿನ ಸಭೆಯಲ್ಲಿ ನಾನು ಮಾತಾಡುತ್ತೇನೆ ಎಂದು ಹೊರಟವರು ಅವರು. ಅವರನ್ನೂ ಹಿಡಿದರು. ಪುಣೆಯ ಆಗಾಖಾನ್ ಅರಮನೆಯಲ್ಲಿ ಸೆರೆಯಲ್ಲಿರುವಾಗಲೇ 1944ರ ಫೆಬ್ರವರಿ 22ರಂದು, ಶಿವರಾತ್ರಿಯ ದಿನ, ಪ್ರಾಣ ಬಿಟ್ಟರು. ಅವರ ಹೆಸರಿನ ನಿಧಿಗೆ 75 ಲಕ್ಷ ರೂಪಾಯಿ ಗುರಿ ಇಟ್ಟರೆ ಜನ ಅದಕ್ಕಿಂತ ಜಾಸ್ತಿಯೇ ಕೊಟ್ಟರು. ಗಾಂಧೀಜಿಯ ಆರೋಗ್ಯವೂ ಕೆಟ್ಟಿತು. ಅವರೂ ಸೆರೆಯಲ್ಲೇ ಸತ್ತರೆ ಏನು ಗತಿ ಎಂಬ ಅಂಜಿಕೆ ಸರ್ಕಾರಕ್ಕಿತ್ತು. ಮೇ 6ರಂದು ಅವರನ್ನು ಬಿಟ್ಟರು.

ಮತ್ತೆ ಕಮಲಾ ಬಿಟ್ಟುಹೋದ ಜಾಗಕ್ಕೆ ಬರೋಣ. ಸ್ವಾತಂತ್ರ್ಯ ಬಂದ ಮೇಲೆ ಪ್ರಧಾನಿ ನೆಹರೂ ದೆಹಲಿಯ ತೀನ್ ಮೂರ್ತಿ ಭವನಕ್ಕೆ ಹೋದರು. ಬಂದ ಅತಿಥಿಗಳನ್ನು ನೋಡಿಕೊಳ್ಳಲು, ಪ್ರವಾಸದಲ್ಲಿ ಜೊತೆಗಿರಲು, ಊಟದ ಮೇಜಿನಲ್ಲಿ ಯಾರು ಎಲ್ಲಿ ಕೂರಬೇಕು ಎಂದು ನೋಡಲು ಒಬ್ಬರು ಬೇಕಿತ್ತು. ಆ ಕೆಲಸ ಇಂದಿರಾ ಹೆಗಲಿಗೆ ಬಂತು. ಇದು ಸುಮ್ನೆ ಮನೆಗೆಲಸ ಅಲ್ಲ. ಯಾವ ರಾಜ್ಯದ ಮುಖಂಡ ಯಾರ ಮೇಲೆ ಮುನಿಸಿಕೊಂಡಿದ್ದಾನೆ, ಯಾರ ಮಾತಿಗೆ ತೂಕವಿದೆ ಎಂಬುದೆಲ್ಲ ಅಲ್ಲಿ ಕಿವಿಗೆ ಬೀಳುತ್ತಿತ್ತು. ಹತ್ತು ಹನ್ನೆರಡು ವರ್ಷ ಅದನ್ನು ಕೇಳಿಸಿಕೊಂಡವರು 1959ರಲ್ಲಿ ಕಾಂಗ್ರೆಸ್ ಅಧ್ಯಕ್ಷೆಯಾದರು.

ಫಿರೋಜ್ ಆ ಭವನದಲ್ಲಿ ಉಳಿಯಲಿಲ್ಲ. ಸಂಸದರಿಗೆ ಕೊಟ್ಟ ಮನೆಯಲ್ಲಿ ಬೇರೆ ಇದ್ದರು. 1952ರಲ್ಲಿ, 1957ರಲ್ಲಿ ರಾಯ್‌ಬರೇಲಿ ಕಡೆಯಿಂದ ಲೋಕಸಭೆಗೆ ಗೆದ್ದವರು ಅವರು. ಪತ್ರಿಕೆಗಳು ಸಂಸತ್ತಿನ ಕಲಾಪವನ್ನು ಅಂಜದೆ ವರದಿ ಮಾಡಲು ರಕ್ಷಣೆ ಕೊಟ್ಟ 1956ರ ಕಾಯ್ದೆಯನ್ನು ಖಾಸಗಿ ಮಸೂದೆಯಾಗಿ ತಂದವರು ಅವರೇ. 1957ರ ಡಿಸೆಂಬರಿನಲ್ಲಿ, ಜೀವ ವಿಮಾ ನಿಗಮದ ಹಣ ಒಬ್ಬ ಉದ್ಯಮಿಯ ಕಂಪನಿಗಳಿಗೆ ಹೇಗೆ ಹೋಯಿತು ಎಂದು ಸದನದಲ್ಲಿ ಎದ್ದು ನಿಂತು ಕೇಳಿದರು. ಅದು ಮಾವನ ಸರ್ಕಾರ. ತನಿಖೆಗೆ ಛಾಗ್ಲಾ ಆಯೋಗ ಬಂತು, ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ 1958ರಲ್ಲಿ ರಾಜೀನಾಮೆ ಕೊಟ್ಟರು. ಕೇರಳದ ಕಮ್ಯುನಿಸ್ಟ್ ಸರ್ಕಾರವನ್ನು ತೆಗೆಯಬೇಕೆಂದು 1959ರಲ್ಲಿ ಹೆಂಡತಿ ಪಟ್ಟು ಹಿಡಿದಾಗ, ಅದು ತಪ್ಪು ಎಂದವರೂ ಅವರೇ.

1960ರ ಸೆಪ್ಟೆಂಬರ್ 8ರಂದು ಹೃದಯಾಘಾತ ಅವರನ್ನು ಕೊಂಡೊಯ್ದಿತು. 48 ತುಂಬಲು ನಾಲ್ಕು ದಿನ ಬಾಕಿ ಇತ್ತು. ಆ ಸಾವಿನಿಂದ ತಕ್ಷಣಕ್ಕೆ ಸರ್ಕಾರ ಅಲುಗಲಿಲ್ಲ. ಅನುಕಂಪದ ಟಿಕೆಟ್ ಎಂಬ ಮಾತೂ ಬರಲಿಲ್ಲ. ಇಂದಿರಾ ರಾಯ್‌ಬರೇಲಿಯಲ್ಲಿ ನಿಂತದ್ದು ಏಳು ವರ್ಷದ ನಂತರ, 1967ರಲ್ಲಿ. ಆ ಹೊತ್ತಿಗೆ ಅವರು ಪ್ರಧಾನಿಯಾಗಿದ್ದರು. ಆದರೆ ಮನೆಯವನೇ ಆಗಿದ್ದು ಸದನದಲ್ಲಿ ಎದುರು ಮಾತಾಡುವ ಒಬ್ಬ ಮನುಷ್ಯ ಇಲ್ಲವಾಗಿದ್ದ. ಆ ಜಾಗಕ್ಕೆ ಯಾರೂ ಬರಲಿಲ್ಲ. ಅವರು ಇದ್ದಿದ್ದರೆ ಹಾಗಾಗುತ್ತಿತ್ತು, ಹೀಗಾಗುತ್ತಿತ್ತು ಎಂದು ನಾನು ಹೇಳುವುದಿಲ್ಲ. ಇಷ್ಟು ಮಾತ್ರ ದಾಖಲೆಯಲ್ಲಿದೆ: ಅವರು ತಂದ ಆ ಪತ್ರಿಕಾ ಕಾಯ್ದೆ ತುರ್ತು ಪರಿಸ್ಥಿತಿಯ ಕಾಲದಲ್ಲಿ ರದ್ದಾಯಿತು, 1977ರಲ್ಲಿ ಮತ್ತೆ ಬಂತು.

ಇನ್ನು ನಮ್ಮ ದುರ್ಗದ ಮಾತು. ಚಿತ್ರದುರ್ಗದಲ್ಲಿ ವಕೀಲಿಕೆ ಮಾಡುತ್ತಿದ್ದ ಎಸ್. ನಿಜಲಿಂಗಪ್ಪ ಎರಡು ಸಲ ಮುಖ್ಯಮಂತ್ರಿಯಾಗಿ, 1968ರಲ್ಲಿ ಕಾಂಗ್ರೆಸ್ಸಿನ ರಾಷ್ಟ್ರಾಧ್ಯಕ್ಷರಾದರು. 1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಸೇರಿತು. ರಾಷ್ಟ್ರಪತಿ ಹುದ್ದೆಗೆ ಸಂಜೀವ ರೆಡ್ಡಿ ಎಂದು ಹಿರಿಯರು ಅಲ್ಲಿ ತೀರ್ಮಾನಿಸಿದರು. ಪ್ರಧಾನಿಗೆ ಅದು ಬೇಕಿರಲಿಲ್ಲ. ಅದೇ ತಿಂಗಳು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಆತ್ಮಸಾಕ್ಷಿಗೆ ಕಂಡಂತೆ ಮತ ಹಾಕಿ ಎಂಬ ಕರೆ ಇಂದಿರಾ ಕಡೆಯಿಂದ ಹೊರಟಿತು, ಅವರ ಬೆಂಬಲವಿದ್ದ ವಿ.ವಿ. ಗಿರಿ ಗೆದ್ದರು. ನವೆಂಬರ್ 12ರಂದು ನಿಜಲಿಂಗಪ್ಪನವರ ಕಡೆಯ ಕಾರ್ಯಸಮಿತಿ ಪ್ರಧಾನಿಯನ್ನೇ ಪಕ್ಷದಿಂದ ಹೊರಗೆ ಹಾಕಿತು, ಪಕ್ಷ ಎರಡಾಯಿತು.

ಇದು ದೆಹಲಿಯ ಕಥೆ ಅಂದುಕೊಳ್ಳಬೇಡಿ. ನಮ್ಮ ಕಡೆ ಒಂದೊಂದು ಮನೆಯೂ ಎರಡಾಯಿತು. ನಮ್ಮಜ್ಜ ಎಸ್ಸೆನ್, ಅಂದರೆ ನಿಜಲಿಂಗಪ್ಪ, ಎಂದರೆ ಪ್ರಾಣ ಬಿಡುವವರು. ಬಿಳಿ ಖಾದಿ, ನೇರ ಮಾತು, ಕೈ ಕೊಳೆಯಾಗದ ಮನುಷ್ಯ ಎನ್ನುತ್ತಿದ್ದರು. ನಮ್ಮಜ್ಜಿಯದು ಬೇರೆ ಲೆಕ್ಕ. ಅವರ ಅಡುಗೆಮನೆಯ ಗೋಡೆಗೆ ಇಂದಿರಮ್ಮನ ಫೋಟೊ ಇದ್ದ ಕ್ಯಾಲೆಂಡರ್ ಇತ್ತು. ವರ್ಷ ಕಳೆದರೂ ತೆಗೆದಿರಲಿಲ್ಲ, ಒಲೆಯ ಹೊಗೆಗೆ ಅಂಚು ಕಂದಾಗಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಯಾಕಜ್ಜಿ ಎಂದು ಕೇಳಿದ್ದೆ. ಅಜ್ಜಿ ಮೊದಲು ಫೋಟೊದಲ್ಲಿನ ಹಣೆಯನ್ನೇ ತೋರಿಸಿದರು. ಕುಂಕುಮ ಇರಲಿಲ್ಲ. "ಗಂಡ ಇಲ್ಲ, ಅಪ್ಪ ಇಲ್ಲ, ಒಂಟಿ ಹೆಣ್ಮಗಳು ಕಣಪ್ಪ. ಇಷ್ಟು ಜನ ಗಂಡಸರು ಸೇರ್ಕಂಡು ಹೊರಗಾಕ್ತಾರಂದ್ರೆ!" ಎಂದರು. ಅಜ್ಜಿ ತಾವೇ ಚಿಕ್ಕ ವಯಸ್ಸಿಗೆ ವಿಧವೆಯಾದ ಅಕ್ಕನನ್ನು ಕಂಡವರು. ಮದುವೆ ಮನೆಯಲ್ಲಿ ಆ ಅಕ್ಕ ಹಿತ್ತಲ ಬಾಗಿಲ ಹತ್ತಿರವೇ ಕೂತಿರುತ್ತಿದ್ದರಂತೆ. ಅಂಥ ಹಣೆಯ ಹೆಂಗಸೊಬ್ಬಳು ದೇಶ ಆಳುತ್ತಾಳೆ ಎನ್ನುವುದೇ ಅಜ್ಜಿಗೆ ದೊಡ್ಡ ವಿಷಯ.

1971ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಹಳೆಯ ಜೋಡೆತ್ತಿನ ಗುರುತು ಇರಲಿಲ್ಲ. ಅಜ್ಜ ನಿಜಲಿಂಗಪ್ಪನವರ ಕಡೆಯ ಚರಕಕ್ಕೆ ಒತ್ತಿದರು, ಅಜ್ಜಿ ಇಂದಿರಾ ಕಡೆಯ ಹಸು-ಕರುವಿಗೆ. ಒಂದೇ ಗಾಡಿಯಲ್ಲಿ ಹೋಗಿ, ಒಂದೇ ಗಾಡಿಯಲ್ಲಿ ಮನೆಗೆ ಬಂದರಂತೆ. ಮೈಸೂರು ರಾಜ್ಯದ 27 ಲೋಕಸಭಾ ಸ್ಥಾನಗಳೂ ಇಂದಿರಾ ಪಕ್ಷಕ್ಕೆ ಹೋದವು. ವೀರೇಂದ್ರ ಪಾಟೀಲರ ಸರ್ಕಾರ ಉಳಿಯಲಿಲ್ಲ, 1972ರಲ್ಲಿ ದೇವರಾಜ ಅರಸು ಬಂದರು. ಬಡತನ ತೊಲಗಿಸುವ ಮಾತು, ಬ್ಯಾಂಕು, ಜಾತಿ ಲೆಕ್ಕ, ಎಲ್ಲವೂ ಇದಕ್ಕೆ ಕಾರಣ. ಇತಿಹಾಸದ ಪುಸ್ತಕಗಳು ಅವನ್ನು ಬರೆಯುತ್ತವೆ. ಅಜ್ಜಿ ಹೇಳಿದ ಕಾರಣ ಅಲ್ಲಿ ಸಿಗುವುದಿಲ್ಲ. ಆದರೆ ಅಡುಗೆಮನೆಗಳಲ್ಲಿ ಅದೂ ಓಡಾಡಿದೆ, ನಾನು ಕೇಳಿದ್ದೇನೆ.

ಹಾಗಂತ ಸಾವಿನ ಕಣ್ಣೀರು ಯಾವಾಗಲೂ ವೋಟಾಗುವುದಿಲ್ಲ. ನಮ್ಮ ಚಿತ್ರದುರ್ಗ ಲೋಕಸಭಾ ಕ್ಷೇತ್ರಕ್ಕೇ ಸೇರಿದ ಶಿರಾದಲ್ಲಿ 2020ರಲ್ಲಿ ಶಾಸಕರು ತೀರಿಕೊಂಡು ಉಪಚುನಾವಣೆ ಬಂತು. ಅವರ ಪತ್ನಿ ಜೆಡಿಎಸ್‌ನಿಂದ ನಿಂತರು, ಮೂರನೇ ಸ್ಥಾನಕ್ಕೆ ಇಳಿದರು. ಅದಕ್ಕೆ ಒಂದು ವರ್ಷ ಹಿಂದೆ ಕುಂದಗೋಳದಲ್ಲಿ ಮಂತ್ರಿಯ ಪತ್ನಿ ಗೆದ್ದಿದ್ದರು. ಎರಡೂ ಕಡೆ ಪಕ್ಷಗಳು ಮೊದಲು ಯೋಚಿಸಿದ್ದು ಒಂದೇ: ಸೀಟು ಉಳಿಯುತ್ತದೋ ಇಲ್ಲವೋ. ಆ ಹೆಣ್ಣುಮಕ್ಕಳಿಗೆ ಅಳಲು ಎಷ್ಟು ದಿನ ಸಿಕ್ಕಿತು ಎಂದು ಕೇಳುವವರು ಕಡಿಮೆ.

ನಿಜಲಿಂಗಪ್ಪನವರು 2000ನೇ ಇಸವಿಯ ಆಗಸ್ಟ್‌ನಲ್ಲಿ ಹೋದರು. ಹೆದ್ದಾರಿ ಪಕ್ಕದ ಸೀಬಾರದಲ್ಲಿ ಅವರ ಸ್ಮಾರಕವಿದೆ. ಕಮಲಾ ಹೆಸರಿನ ಆಸ್ಪತ್ರೆ ಈಗ ಪ್ರಯಾಗರಾಜ್ ಎನಿಸಿಕೊಂಡ ಅಲಹಾಬಾದಿನಲ್ಲಿದೆ, ಅದಕ್ಕೆ ಅಡಿಗಲ್ಲು ಇಟ್ಟವರು ಗಾಂಧೀಜಿ. ಫಿರೋಜ್ ಹೆಸರು ಮಾತ್ರ ನಮ್ಮ ಕಡೆ ಆ ಒಂದು ವಾದದಲ್ಲಷ್ಟೇ ಉಳಿದಿದೆ.

ಮೊನ್ನೆ ಮತ್ತೆ ಅದೇ ಅಂಗಡಿಯ ಮುಂದೆ ಅದೇ ವಾದ ಎದ್ದಿತು. ಈ ಸಲ ನಾನು ಹೆಸರಿನ ವಿಷಯ ಬಿಟ್ಟು ವಿಮಾ ನಿಗಮದ ಹಣದ ಕಥೆಯಿಂದ ಶುರು ಮಾಡಿದೆ. ಮಾವನ ಸರ್ಕಾರವನ್ನೇ ಕೇಳಿದ ಎಂದಾಗ ಮೊಬೈಲ್ ಹಿಡಿದಿದ್ದವರು ಅದನ್ನು ಜೇಬಿಗಿಟ್ಟರು.

"ಹಂಗಾದ್ರೆ ಆತ ಎಂಪಿ ಆಗಿದ್ರಾ ಸರ್?" ಎಂದರು.

ಹೌದು, ಎರಡು ಸಲ ಎಂದೆ.