ಕೈವಾರ, ಮೂಲೆಮಟ್ಟದ ಗುರುತಿರುವ ಆ ಕಟ್ಟಡದಲ್ಲಿ ಏನು ನಡೆಯುತ್ತದೆ?

ಪ್ರಶ್ನೆ: ನಾನು ದಿನಾ ಬಸ್ಸಿನಲ್ಲಿ ಹೋಗುವ ದಾರಿಯಲ್ಲಿ ಫ್ರೀಮೇಸನ್ನರು ಎಂಬ ಗುಟ್ಟಿನ ಸಂಘದವರ ಹಳೇ ಕಟ್ಟಡ ಒಂದಿದೆ. ಬಾಗಿಲು ತೆರೆದಿದ್ದನ್ನು ನೋಡಿಯೇ ಇಲ್ಲ. ಒಳಗೆ ಸೈತಾನನ ಪೂಜೆ ನಡೆಯುತ್ತದೆ, ಇಲ್ಯುಮಿನಾಟಿ ಅಂದರೆ ಇವರೇ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ಇದರಲ್ಲಿ ನಿಜ ಎಷ್ಟು?

ಉತ್ತರ: ಸೈತಾನನಿಂದಲೇ ಶುರುಮಾಡೋಣ. ಆ ಕಥೆಯನ್ನು ಊರೂರಿಗೆ ಹಬ್ಬಿಸಿದವನು ಯಾರು, ಅದು ಸುಳ್ಳು ಅಂತ ಅವನೇ ಒಪ್ಪಿಕೊಂಡದ್ದು ಯಾವತ್ತು, ಎರಡೂ ಗೊತ್ತಿದೆ. ಲಿಯೋ ತಕ್ಸಿಲ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಫ್ರೆಂಚ್ ಪತ್ರಕರ್ತ ಆತ. ಮೊದಲಿಗೆ ಚರ್ಚನ್ನು ಗೇಲಿ ಮಾಡಿಯೇ ಹೊಟ್ಟೆ ಹೊರೆಯುತ್ತಿದ್ದ. 1885ರಲ್ಲಿ ಇದ್ದಕ್ಕಿದ್ದಂತೆ ಮನಸ್ಸು ಬದಲಾಯಿತೆಂದು ಹೇಳಿ ಕ್ಯಾಥೊಲಿಕ್ ಚರ್ಚಿಗೆ ಮರಳಿದ. ಮೇಸನ್ನರ ಗುಟ್ಟು ರಟ್ಟು ಮಾಡುತ್ತೇನೆಂದು ಪುಸ್ತಕದ ಮೇಲೆ ಪುಸ್ತಕ ತಂದ. ಲೂಸಿಫರ್ ಪೂಜೆ, ಪಿಯಾನೋ ನುಡಿಸುವ ಮೊಸಳೆ ರೂಪದ ಪಿಶಾಚಿ, ಏನುಂಟು ಏನಿಲ್ಲ! ಆ ಕೂಟದಿಂದ ತಪ್ಪಿಸಿಕೊಂಡು ಬಂದವಳೆಂದು ಡಯಾನಾ ವಾನ್ ಎಂಬ ಹೆಣ್ಣನ್ನೂ ಕಲ್ಪಿಸಿದ. ಜನ ನಂಬಿದರು. ಪೋಪ್ ಹದಿಮೂರನೇ ಲಿಯೋ ಅವನಿಗೆ ಭೇಟಿಯ ಅವಕಾಶವನ್ನೂ ಕೊಟ್ಟರು. 1897ರ ಏಪ್ರಿಲ್ 19ರಂದು ಪ್ಯಾರಿಸ್ಸಿನ ಸಭಾಂಗಣವೊಂದರಲ್ಲಿ ಡಯಾನಾಳನ್ನು ಕಣ್ಣಾರೆ ನೋಡಬಹುದೆಂದು ಜನ ಸೇರಿದ್ದರೆ, ವೇದಿಕೆ ಹತ್ತಿದ ತಕ್ಸಿಲ್ ಹನ್ನೆರಡು ವರ್ಷ ನಿಮ್ಮನ್ನೆಲ್ಲ ಮಂಗ ಮಾಡಿದೆ ಎಂದುಬಿಟ್ಟ. ಸಭೆ ರೇಗಿತು, ಪೊಲೀಸರ ಕಾವಲಿನಲ್ಲಿ ಅವನು ಹೊರಗೆ ಹೋಗಬೇಕಾಯಿತು. ಕಥೆ ಕಟ್ಟಿದವನೇ ಕೈ ತೊಳೆದುಕೊಂಡರೂ ಕಥೆ ಮಾತ್ರ ಇವತ್ತಿಗೂ ಫಾರ್ವರ್ಡ್ ಆಗುತ್ತಲೇ ಇದೆ.

ಇಲ್ಯುಮಿನಾಟಿಯದು ಸಣ್ಣ ಕಥೆ. 1776ರಲ್ಲಿ ಬವೇರಿಯಾದ ಇಂಗೊಲ್‌ಸ್ಟಾಟ್‌ನಲ್ಲಿ ಆಡಂ ವೈಸ್‌ಹಾಪ್ಟ್ ಎಂಬ ಕಾನೂನು ಪ್ರಾಧ್ಯಾಪಕ ಕಟ್ಟಿದ ಗುಂಪು ಅದು. ಕೆಲವರು ಮೇಸನ್ನರ ಸ್ಥಳೀಯ ಕೂಟಗಳಾದ ಲಾಡ್ಜ್‌ಗಳಿಗೂ ನುಗ್ಗಿ ಅಲ್ಲಿಂದ ಜನರನ್ನು ಸೆಳೆದದ್ದು ನಿಜ. ಹತ್ತು ವರ್ಷ ತುಂಬುವುದರೊಳಗೆ ಅಲ್ಲಿನ ದೊರೆ ನಿಷೇಧಿಸಿದ, ಗುಂಪು ಚದುರಿಹೋಯಿತು.

ಹಾಗಾದರೆ ಒಳಗೆ ಮಾಡುವುದೇನು? ನಾನು ಸದಸ್ಯನಲ್ಲ. ಆದರೆ ತಿಳಿಯಲು ಸದಸ್ಯನಾಗಬೇಕಾಗಿಯೂ ಇಲ್ಲ, 1730ರಲ್ಲೇ ಸ್ಯಾಮ್ಯುಯೆಲ್ ಪ್ರಿಚರ್ಡ್ ಎಂಬಾತ ಲಂಡನ್ನಿನಲ್ಲಿ ಅವರ ವಿಧಿಗಳನ್ನೆಲ್ಲ ಅಚ್ಚು ಹಾಕಿಸಿ ಮಾರಿದ್ದಾನೆ. ಮೇಸನ್ ಅಂದರೆ ಕಲ್ಲುಕುಟಿಗ, ಗಾರೆ ಕೆಲಸದವ. ಯುರೋಪಿನ ಚರ್ಚುಗಳನ್ನು ಕಟ್ಟಿದ ಕುಶಲಕರ್ಮಿಗಳ ಕೂಟಗಳ ಮಾತು, ಸಲಕರಣೆಗಳನ್ನು ಕಲ್ಲು ಮುಟ್ಟದ ಜಮೀನ್ದಾರರೂ ವ್ಯಾಪಾರಿಗಳೂ ಎರವಲು ಪಡೆದರು. (ಅಲ್ಲಿನ ಕಲ್ಲುಕುಟಿಗರು ತಾವು ಕೆತ್ತಿದ ಕಲ್ಲಿಗೆ ಒಂದೊಂದು ಗುರುತು ಹಾಕುತ್ತಿದ್ದರು. ನಮ್ಮ ರೂವಾರಿ ಮಲ್ಲಿತಮ್ಮನಂತೂ ಹೊಯ್ಸಳ ದೇಗುಲಗಳ ಮೇಲೆ ಹೆಸರನ್ನೇ ಕೆತ್ತಿದ.) ಲಂಡನ್ನಿನ ನಾಲ್ಕು ಲಾಡ್ಜ್‌ಗಳು 1717ರಲ್ಲಿ ಒಂದು ಹೆಂಡದಂಗಡಿಯಲ್ಲಿ ಸೇರಿ ಗ್ರ್ಯಾಂಡ್ ಲಾಡ್ಜ್ ಎಂಬ ಮೇಲಿನ ಸಂಸ್ಥೆ ಕಟ್ಟಿದವೆಂಬುದು ಅವರ ಪಾರಂಪರಿಕ ಲೆಕ್ಕ.

ಹೊಸಬನಿಗೆ ಕಣ್ಣು ಕಟ್ಟುತ್ತಾರೆ, ಒಂದು ಕಾಲಿನ ಪ್ಯಾಂಟು ಮಡಚುತ್ತಾರೆ, ಕೊರಳಿಗೆ ಹಗ್ಗ ಹಾಕುತ್ತಾರೆ. ಬಾಗಿಲ ಹೊರಗೆ ಕತ್ತಿ ಹಿಡಿದು ಒಬ್ಬ ನಿಂತಿರುತ್ತಾನೆ. ಒಳಗೆ ಚದುರಂಗದ ಮಣೆಯಂಥ ಕಪ್ಪುಬಿಳಿ ನೆಲ, ಸೊಂಟಕ್ಕೆ ಕುರಿಮರಿ ಚರ್ಮದ ಬಿಳಿ ಏಪ್ರನ್. ಒಂದು ಒರಟು ಕಲ್ಲು, ಪಕ್ಕದಲ್ಲಿ ಮೂಲೆ ತೆಗೆದು ಒಪ್ಪ ಮಾಡಿದ ಇನ್ನೊಂದು ಕಲ್ಲು. ಒರಟು ಕಲ್ಲಿನಂತಿರುವ ನೀನು ಒಪ್ಪವಾದ ಕಲ್ಲಿನಂತಾಗು ಅನ್ನುವುದು ಪಾಠ. ದೊಡ್ಡವರು ಬಾಯಿಪಾಠ ಮಾಡಿ ಆಡುವ ನಾಟಕ ಅಂದರೆ ತಪ್ಪಾಗದು. ಮೆಟ್ಟಿಲು, ಅಂದರೆ ಡಿಗ್ರಿ, ಮೂರೇ; ಮೂರನೆಯದು ಮಾಸ್ಟರ್ ಮೇಸನ್. ಫಾರ್ವರ್ಡ್‌ಗಳಲ್ಲಿ ಬರುವ 'ಮೂವತ್ತಮೂರನೇ ಡಿಗ್ರಿ' ಸ್ಕಾಟಿಷ್ ರೈಟ್ ಎಂಬ ಬೇರೊಂದು ಶಾಖೆಯದು, ಉಳಿದ ಮೇಸನ್ನರ ಮೇಲೆ ಅದರ ಅಧಿಕಾರ ನಡೆಯುವುದಿಲ್ಲ.

ಇದು ಧರ್ಮವೂ ಅಲ್ಲ. ಭಾರತದ ಲಾಡ್ಜ್‌ಗಳಲ್ಲಿ ದೇವರಲ್ಲಿ ನಂಬಿಕೆ ಇರಬೇಕೆಂಬ ಷರತ್ತು ಇದೆ, ಯಾವ ದೇವರು ಎಂದು ಕೇಳುವುದಿಲ್ಲ. ಸಭೆಯಲ್ಲಿ ಧರ್ಮ, ರಾಜಕೀಯದ ವಾದಕ್ಕೆ ಅವಕಾಶವಿಲ್ಲ. ಗೀತೆ, ಕುರಾನ್, ಬೈಬಲ್, ಗುರುಗ್ರಂಥ ಸಾಹಿಬ್‌ಗಳನ್ನು ಜತೆಗಿಟ್ಟುಕೊಂಡು ಅವರವರ ಗ್ರಂಥದ ಮೇಲೆ ಆಣೆ ಇಡುತ್ತಾರೆ. ಈ ಔದಾರ್ಯ ಸುಮ್ಮನೆ ಬಂದದ್ದಲ್ಲ ಅನ್ನುವುದನ್ನು ಅವರ ಕಡೆಯವರು ಅಷ್ಟಾಗಿ ಹೇಳುವುದಿಲ್ಲ. ಕಲ್ಕತ್ತೆಯಲ್ಲಿ ಮೊದಲ ಲಾಡ್ಜ್ ಶುರುವಾದದ್ದು 1730ರ ಹೊತ್ತಿಗೆ, ಕಂಪನಿಯ ಬಿಳಿಯರಿಗಾಗಿ. ಆರ್ಕಾಟಿನ ನವಾಬನ ಮಗ ಉಮ್ದತ್-ಉಲ್-ಉಮ್ರಾನನ್ನು 1770ರ ದಶಕದಲ್ಲೇ ಸೇರಿಸಿಕೊಂಡರು. ಹಿಂದೂಗಳಿಗೆ ಮಾತ್ರ ಅಡ್ಡಿ: ಮುಕ್ಕೋಟಿ ದೇವರನ್ನು ಪೂಜಿಸುವವರು ಒಬ್ಬ ದೇವರ ಹೆಸರಲ್ಲಿ ಹೇಗೆ ಆಣೆ ಇಟ್ಟಾರು ಎಂಬ ತಕರಾರು. ಕಲ್ಕತ್ತೆಯ ವ್ಯಾಪಾರಿ ಪ್ರಸನ್ನ ಕುಮಾರ ದತ್ತ ಇದನ್ನು ವರ್ಷಗಟ್ಟಲೆ ಬಿಡದೆ ಕೆದಕಿ, ಕೊನೆಗೆ 1872ರಲ್ಲಿ ಒಳಗೆ ಕಾಲಿಟ್ಟರು. ಭಾರತದ ಸ್ವಂತ ಗ್ರ್ಯಾಂಡ್ ಲಾಡ್ಜ್ ಆದದ್ದು 1961ರ ನವೆಂಬರ್ 24ರಂದು. ಬೆಂಗಳೂರಿನಲ್ಲೂ ಅದರ ಲಾಡ್ಜ್‌ಗಳಿವೆ. ಲಾಹೋರಿನಲ್ಲಿ ಇಂಥ ಕಟ್ಟಡವನ್ನು ಜನ ಜಾದೂಘರ್ ಅಂತ ಕರೆಯುತ್ತಿದ್ದರು. ಸಾಹೇಬರು ಬಾಗಿಲು ಹಾಕಿಕೊಂಡು, ಕತ್ತಿ ಹಿಡಿದವನನ್ನು ಹೊರಗೆ ನಿಲ್ಲಿಸಿ ಕೂತರೆ ಊರವರು ಇನ್ನೇನು ತಿಳಿಯಬೇಕಿತ್ತು?

ಅನುಮಾನವೆಲ್ಲ ಆಧಾರವಿಲ್ಲದ್ದು ಅಂತಲೂ ನಾನು ಹೇಳುವುದಿಲ್ಲ. 1981ರಲ್ಲಿ ಇಟಲಿಯ ಪಿ-2 ಲಾಡ್ಜ್‌ನ ಸದಸ್ಯರ ಪಟ್ಟಿ ತನಿಖೆಯವರ ಕೈಗೆ ಸಿಕ್ಕಿತು. ಮಂತ್ರಿಗಳು, ಸೇನಾಧಿಕಾರಿಗಳು, ಗೂಢಚರ ಇಲಾಖೆಯ ಮುಖ್ಯಸ್ಥರು, ಒಟ್ಟು 962 ಹೆಸರು. ಸರ್ಕಾರವೇ ಬಿತ್ತು. ಮಾತೃಸಂಸ್ಥೆ ಅದನ್ನು ಅಷ್ಟರಲ್ಲಾಗಲೇ ದೂರವಿಟ್ಟಿತ್ತು, ಆದರೂ ಗುಟ್ಟಿನ ಕೂಟ ಅಧಿಕಾರಸ್ಥರ ಕೈಗೆ ಸಿಕ್ಕರೆ ಏನಾಗುತ್ತದೆಂದು ಅಲ್ಲಿ ಕಂಡಿತು. ಅನುಕೂಲಸ್ಥ ಗಂಡಸರು ಮುಚ್ಚಿದ ಕೋಣೆಯಲ್ಲಿ ಗೆಳೆತನ ಬೆಳೆಸಿದರೆ ಹೊರಗೆ ಒಬ್ಬರಿಗೊಬ್ಬರು ಕೆಲಸ ಮಾಡಿಕೊಡದೆ ಇರುತ್ತಾರಾ? ಪ್ರಶ್ನೆ ಕೇಳುವುದಿದ್ದರೆ ನಾನು ಕೇಳುವುದು ಇದನ್ನು. ಗಂಡಸರು ಅಂದದ್ದು ಬೇಕೆಂದೇ. ಭಾರತದ ಗ್ರ್ಯಾಂಡ್ ಲಾಡ್ಜ್‌ನಲ್ಲಿ ಹೆಂಗಸರಿಗೆ ಇವತ್ತಿಗೂ ಪ್ರವೇಶವಿಲ್ಲ. ಹೆಣ್ಣುಗಂಡು ಇಬ್ಬರನ್ನೂ ಸೇರಿಸಿಕೊಳ್ಳುವ ಬೇರೆಯೇ ಶಾಖೆ 1893ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿತು, ಅದನ್ನು ಇಲ್ಲಿಗೆ ತಂದವರು ಆನಿ ಬೆಸೆಂಟ್.

ನೀವು ಕೇಳದಿದ್ದರೂ ಇನ್ನೊಂದು ಮಾತು ಹೇಳಿಬಿಡುತ್ತೇನೆ. "ಇಲ್ಯುಮಿನಾಟಿ ಸೇರಿ, ಕೋಟಿ ರೂಪಾಯಿ ಸಿಗುತ್ತದೆ, ಮೊದಲು ನೋಂದಣಿ ಶುಲ್ಕ ಕಳಿಸಿ" ಎಂದು ಮೆಸೇಜು ಬಂದರೆ ಅದು ಶುದ್ಧ ಮೋಸ, ನಂಬರನ್ನು ಬ್ಲಾಕ್ ಮಾಡಿ. ನಿಜವಾದ ಲಾಡ್ಜ್ ಹೊಸಬರಿಗೆ ಹಣ ಕೊಡುವುದಿಲ್ಲ. ಅರ್ಜಿ ಹಾಕಿದವನನ್ನು ಹಾಲಿ ಸದಸ್ಯರು ಎದುರು ಕೂರಿಸಿಕೊಂಡು ಮಾತಾಡಿಸುತ್ತಾರೆ, ಆಮೇಲೆ ಪೆಟ್ಟಿಗೆಯೊಂದರಲ್ಲಿ ಗುಂಡು ಹಾಕಿ ಗುಟ್ಟಾಗಿ ಮತ ಚಲಾಯಿಸುತ್ತಾರೆ. ಬಿಳಿ ಗುಂಡು ಬಿದ್ದರೆ ಒಪ್ಪಿಗೆ, ಕಪ್ಪು ಬಿದ್ದರೆ ಇಲ್ಲ. ಕಪ್ಪು ಹಾಕಿದವರು ಯಾರೆಂದು ಅರ್ಜಿದಾರನಿಗೆ ಹೇಳುವುದಿಲ್ಲ.